ತಮಟೆ ಪಕ್ಕಕ್ಕೊಂದು ಬೇಸ್ ಗಿಟಾರ್: ಎಲ್ಲಿಂದ ಶುರು ಮಾಡೋದು, ಏನು ಕೊಳ್ಳೋದು?

ದುರ್ಗದಲ್ಲಿ ಗಣೇಶ ವಿಸರ್ಜನೆಯ ದಿನ ರಸ್ತೆ ಬದಿ ನಿಂತವರಿಗೆ ‘ಬೇಸ್’ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಡಿಜೆ ಲಾರಿ ಇನ್ನೂ ತಿರುವಿನಲ್ಲಿರುವಾಗಲೇ ಎದೆ ನಡುಗುತ್ತೆ, ಅಂಗಡಿ ಶಟರ್ ಗಡಗಡ ಅನ್ನುತ್ತೆ. ಹಾಡು ಯಾವುದು ಅಂತ ಗೊತ್ತಾಗೋದು ಆಮೇಲೆ. ಕಿವಿಗಿಂತ ಮೊದಲು ಮೈಗೆ ತಲುಪುವ ಆ ತಗ್ಗಿನ ಸದ್ದಿಗೆ ಜನರನ್ನು ಒಟ್ಟಿಗೆ ಕುಣಿಸುವ ಶಕ್ತಿ ಇದೆ. ಆದರೆ ಆ ಸದ್ದಿನ ಬಟನ್ ಇರೋದು ಬಾಡಿಗೆ ಕೊಟ್ಟವರ ಕೈಯಲ್ಲಿ.

ಇನ್ನೊಂದು ಕಡೆ, ನಮ್ಮ ಹಾಸ್ಟೆಲ್‌ಗಳಲ್ಲಿ, ಕಾಲೇಜುಗಳಲ್ಲಿ, ಸಂಘಟನೆಗಳ ಸಭೆಗಳಲ್ಲಿ ಹಾಡುವ ಹುಡುಗ ಹುಡುಗಿಯರ ತಂಡಗಳಿವೆ. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿ ಊರೂರಿಗೆ ಒಯ್ದ ಹೋರಾಟದ ಹಾಡಿನ ಪರಂಪರೆ ಇವತ್ತಿಗೂ ಬದುಕಿರೋದು ಇಂಥ ತಂಡಗಳಲ್ಲೇ. ಒಂದು ತಮಟೆ, ನಾಲ್ಕು ಗಂಟಲು, ಸಿಕ್ಕರೆ ಒಂದು ಗಿಟಾರ್ ಅಥವಾ ಕೀಬೋರ್ಡ್. ತಾಳ ಇದೆ, ಮಾತು ಇದೆ. ಎರಡನ್ನೂ ಹಿಡಿದು ನಿಲ್ಲಿಸುವ ತಗ್ಗಿನ ಸ್ವರ ಮಾತ್ರ ಇರಲ್ಲ. ಬೇಸ್ ಗಿಟಾರ್ ತುಂಬೋದು ಆ ಜಾಗವನ್ನೇ.

‘ಅದೆಲ್ಲ ಬೆಂಗಳೂರಿನ ಬ್ಯಾಂಡ್‌ನವರಿಗೆ’ ಅನ್ನೋ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ. ನಾಲ್ಕು ತಂತಿಯ ಈ ವಾದ್ಯವನ್ನು ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಕೂತು ಕಲಿಯೋದು ಹೇಗೆ, ಅದಕ್ಕೆ ಎಷ್ಟು ದುಡ್ಡು ಬೇಕು, ಆ ದುಡ್ಡು ಎಲ್ಲಿ ಪೋಲಾಗುತ್ತೆ ಅನ್ನೋದನ್ನು ನೋಡೋಣ.

ಬೇಸ್ ಮಾಡುವ ಕೆಲಸ ಏನು?

ಮಾಮೂಲಿ ಗಿಟಾರ್‌ಗೆ ಆರು ತಂತಿ, ಬೇಸ್‌ಗೆ ನಾಲ್ಕು. ದಪ್ಪ ತಂತಿಯಿಂದ ಶುರು ಮಾಡಿದರೆ ಇ, ಎ, ಡಿ, ಜಿ. ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್‌ನ ದಪ್ಪ ತಂತಿ ಕಂಪಿಸೋದು ಸುಮಾರು 41 ಸಲ. ಅಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳೋದಾದರೆ, ಒಂದು ತಂತಿಯನ್ನು ‘ಸ’ ಅಂದುಕೊಂಡರೆ ಅದರ ಪಕ್ಕದ ತೆಳು ತಂತಿ ಶುದ್ಧ ‘ಮ’. ನಾಲ್ಕೂ ತಂತಿಗಳ ನಡುವೆ ಇದೇ ಲೆಕ್ಕ.

ತತ್ವಪದ ಹಾಡುವವರ ಏಕತಾರಿ ಕೇಳಿದ್ದೀರಲ್ಲ? ಹಾಡು ಎಲ್ಲೇ ಸುತ್ತಾಡಿ ಬಂದರೂ ಏಕತಾರಿಯ ‘ಸ’ ಅಲ್ಲೇ ಕಾದಿರುತ್ತೆ. ಬೇಸ್ ಮಾಡೋದು ಅದಕ್ಕೆ ಹತ್ತಿರದ ಕೆಲಸ. ಒಂದೇ ವ್ಯತ್ಯಾಸ, ಬೇಸ್‌ನ ‘ಸ’ ಹಾಡಿನ ಜೊತೆ ಜಾಗ ಬದಲಿಸುತ್ತೆ, ತಾಳದ ಪೆಟ್ಟಿನ ಮೇಲೇ ಬಂದು ಕೂರುತ್ತೆ. ಕನ್ನಡದಲ್ಲಿ ಬರೆದಾಗ ಬುನಾದಿ ಅನ್ನುವ ಅರ್ಥದ ‘ಬೇಸ್’ ಮತ್ತು ಈ ‘ಬೇಸ್’ ಎರಡೂ ಒಂದೇ ಥರ ಕಾಣುತ್ತವೆ. ಇಂಗ್ಲಿಷ್‌ನಲ್ಲಿ ಅವು ಬೇರೆ ಬೇರೆ ಪದಗಳು. ಆದರೂ ನಮ್ಮ ಲಿಪಿ ಮಾಡುವ ಈ ಗೊಂದಲ ತಪ್ಪೇನಲ್ಲ ಬಿಡಿ.

ಈ ವಾದ್ಯ ಹುಟ್ಟಿದ್ದೇ ಓಡಾಟದ ಕಷ್ಟದಿಂದ. ಅದಕ್ಕೂ ಮೊದಲು ತಗ್ಗಿನ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು, ಅದೂ ದೊಡ್ಡ ಸಭೆಯಲ್ಲಿ ಸರಿಯಾಗಿ ಕೇಳ್ತಿರಲಿಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು, ಕರೆಂಟಿನಿಂದ ಸದ್ದು ಮಾಡುವಂಥದ್ದು. ಇವತ್ತಿಗೂ ಹೊಸಬರಿಗೆ ಸಿಗುವ ಬಹುಪಾಲು ಬೇಸ್‌ಗಳು ಅದೇ ಮಾದರಿಯ ಮಕ್ಕಳು ಮೊಮ್ಮಕ್ಕಳು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಹೊಸದುರ್ಗಕ್ಕೂ ಹೋಗಬಹುದು.

ಹಾಡು ಮತ್ತು ರಾಜಕಾರಣದಲ್ಲಿ ಬೇಸ್

ಜಮೈಕಾದ ರೆಗ್ಗೆ ಸಂಗೀತದಲ್ಲಿ ಗಿಟಾರ್ ಹಿಂದೆ ಸರಿದು ಬೇಸ್ ಮುಂದೆ ಬರುತ್ತೆ. ಬಾಬ್ ಮಾರ್ಲಿಯ ಹಾಡುಗಳು ವಸಾಹತುಶಾಹಿ ಬಗ್ಗೆ, ಬಡತನದ ಬಗ್ಗೆ ಮಾತಾಡುವಾಗ ಅವುಗಳ ಕೆಳಗೆ ನಡೆಯುತ್ತಿದ್ದದ್ದು ಆಸ್ಟನ್ ಬ್ಯಾರೆಟ್ ಅವರ ನಿಧಾನದ, ಹಟಮಾರಿ ಬೇಸ್. ಪಕ್ಕದ ಚೆನ್ನೈನಲ್ಲಿ 2018ರ ಜನವರಿಯಲ್ಲಿ ವೇದಿಕೆ ಹತ್ತಿದ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’ ಗಾನಾ ಹಾಡು, ಪರೈ ಸದ್ದಿನ ಪಕ್ಕದಲ್ಲೇ ಪಾಶ್ಚಾತ್ಯ ವಾದ್ಯಗಳನ್ನು ನಿಲ್ಲಿಸಿ ಜಾತಿಯ ವಿರುದ್ಧ ಹಾಡಿತು. ಬೆಂಗಳೂರಿನ ‘ಸ್ವರಾತ್ಮ’ ತಂಡದಲ್ಲಿ ಕನ್ನಡ ಜಾನಪದದ ಜೊತೆ ಜಿಷ್ಣು ದಾಸ್‌ಗುಪ್ತ ಅವರ ಬೇಸ್ ಇದೆ. ನಮ್ಮ ಉರುಮೆ, ತಮಟೆ ಪಕ್ಕ ಬೇಸ್ ನಿಂತರೆ ಪರಕೀಯ ಅನ್ನಿಸುತ್ತೆ ಅನ್ನುವವರು ಇವನ್ನೊಮ್ಮೆ ಕೇಳಬೇಕು.

ಕೇಳಿ ಕಲಿಯೋಕೆ ಇಷ್ಟು ದೂರ ಹೋಗಬೇಕು ಅಂತಲೂ ಇಲ್ಲ. ಇಳಯರಾಜ ಸ್ವಂತವಾಗಿ ಸಂಗೀತ ನಿರ್ದೇಶಕರಾಗುವ ಮೊದಲು ಕನ್ನಡ ಚಿತ್ರಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದವರು. ಅವರೇ ಸಂಗೀತ ಕೊಟ್ಟ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಗಾಯಕರ ದನಿ ಮರೆತು, ಬರೀ ಕೆಳಗಿನ ಸ್ವರ ಹಿಂಬಾಲಿಸಿ ಕೇಳಿ. ಇಷ್ಟು ವರ್ಷ ಕೇಳಿದ ಹಾಡಿನೊಳಗೆ ಇನ್ನೊಂದು ಹಾಡು ನಡೀತಿತ್ತು ಅಂತ ಗೊತ್ತಾಗುತ್ತೆ. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅಷ್ಟು ಚಿಕ್ಕ ಸ್ಪೀಕರ್‌ಗೆ ಇಷ್ಟು ತಗ್ಗಿನ ಸ್ವರ ಹೊರಡಿಸೋಕೆ ಆಗಲ್ಲ.

ದುಡ್ಡಿನ ಮಾತು

ಹೊಸಬರಿಗೆ ಸಾಕಾಗುವ ಹೊಸ ಬೇಸ್ ಅಂದಾಜು 12ರಿಂದ 16 ಸಾವಿರ ರೂಪಾಯಿ. ಹೆಡ್‌ಫೋನ್ ಸಿಗಿಸಿ ನುಡಿಸುವ ಪುಟ್ಟ ಆಂಪ್‌ಗೆ ಒಂದೂವರೆಯಿಂದ ಮೂರು ಸಾವಿರ. ಕೇಬಲ್, ಸ್ಟ್ರಾಪ್, ಬ್ಯಾಗ್ ಸೇರಿ ಒಂದೂವರೆ ಸಾವಿರದ ಆಸುಪಾಸು. ಒಟ್ಟು 20 ಸಾವಿರ ಅಂತಿಟ್ಟುಕೊಳ್ಳಿ.

ಈ ಮೊತ್ತವನ್ನು ‘ಬಜೆಟ್’ ಅಂತ ಕರೆಯೋ ವಿಡಿಯೋಗಳು ಬೇಕಾದಷ್ಟಿವೆ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಆ ಲೆಕ್ಕದಲ್ಲಿ 20 ಸಾವಿರ ಅಂದ್ರೆ 54 ದಿನದ ದುಡಿಮೆ. ಅಪ್ಪ ಅಮ್ಮ ಕೂಲಿಗೆ ಹೋಗುವ ಮನೆಯಲ್ಲಿ ‘ನಂಗೊಂದು ಬೇಸ್ ಗಿಟಾರ್ ಬೇಕು’ ಅನ್ನೋದು ಸಣ್ಣ ಮಾತಲ್ಲ.

ಅದಕ್ಕೇ ನನ್ನ ಸಲಹೆ: ಒಬ್ಬರೇ ಕೊಳ್ಳಬೇಡಿ, ತಂಡವಾಗಿ ಕೊಳ್ಳಿ. ಐದು ಜನ ಸೇರಿದರೆ ತಲೆಗೆ 4 ಸಾವಿರ. ಬೇಸ್ ಹೇಗಿದ್ದರೂ ಒಂಟಿಯಾಗಿ ನುಡಿಸುವುದಕ್ಕಿಂತ ತಂಡದಲ್ಲಿ ನುಡಿಸುವ ವಾದ್ಯ. ಒಂದು ನೋಟ್‌ಬುಕ್‌ನಲ್ಲಿ ಯಾರ ಹತ್ರ ಯಾವ ವಾರ ಇರಬೇಕು, ತಂತಿ ತುಂಡಾದರೆ ಖರ್ಚು ಯಾರದ್ದು, ತಂಡ ಬಿಟ್ಟು ಹೋಗುವವರಿಗೆ ಎಷ್ಟು ವಾಪಸ್ ಅಂತ ಮೊದಲೇ ಬರೆದಿಡಿ. ಬೇಸ್ ತಂತಿ ಸೆಟ್ ಗಿಟಾರ್ ತಂತಿಗಿಂತ ದುಬಾರಿ, ಆದರೆ ತುಂಬಾ ಕಾಲ ಬರುತ್ತೆ. ಗೆಳೆತನ ಕೆಡೋದು ಸ್ವರ ತಪ್ಪಿದ್ದಕ್ಕಲ್ಲ, ಲೆಕ್ಕ ತಪ್ಪಿದ್ದಕ್ಕೆ.

ಕೊಳ್ಳುವಾಗ ಏನು ನೋಡಬೇಕು?

*ನಾಲ್ಕು ತಂತಿ ಸಾಕು.* ಐದು ತಂತಿಯದ್ದು, ಫ್ರೆಟ್ ಇಲ್ಲದ್ದು ಆಮೇಲೆ ನೋಡಿದರಾಯ್ತು. ಬ್ಯಾಟರಿ ಬೇಡದ ‘ಪ್ಯಾಸಿವ್’ ಬೇಸ್ ತಗೊಳ್ಳಿ. ‘ಆಕ್ಟಿವ್’ ಬೇಸ್‌ಗಳಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತೆ, ಕಾರ್ಯಕ್ರಮದ ಮಧ್ಯೆ ಅದು ಸತ್ತರೆ ಸದ್ದೂ ಹೋಗುತ್ತೆ.

*ಉದ್ದ ನೋಡಿ.* ತಂತಿಯ ಮಾಮೂಲಿ ಅಳತೆ 34 ಇಂಚು. ‘ಶಾರ್ಟ್ ಸ್ಕೇಲ್’ ಅಂತ ಸಿಗೋದು ಸುಮಾರು 30 ಇಂಚು. ಕೈ ಚಿಕ್ಕದಿದ್ದರೆ ಇದು ಆರಾಮ. ಇದು ಮಕ್ಕಳ ವಾದ್ಯ ಅಂತ ಯಾರಾದರೂ ನಕ್ಕರೆ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯಲ್ಲಿ ಸುಮಾರು 30 ಪೌಂಡ್ ಕೊಟ್ಟು ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲೇ ಅಂತ ಹೇಳಿ.

*ಬ್ರ್ಯಾಂಡ್‌ಗಿಂತ ಸೆಟಪ್ ಮುಖ್ಯ.* ಯಮಹಾ, ಐಬನೆಜ್, ಕಾರ್ಟ್, ಸ್ಕ್ವಯರ್ ಎಲ್ಲದರಲ್ಲೂ ಹೊಸಬರ ಮಾದರಿಗಳಿವೆ, ಕೆಲವು ನಮ್ಮ ಬಜೆಟ್ ದಾಟುತ್ತವೆ. ಹೆಸರು ಯಾವುದೇ ಇರಲಿ, ಐದು ಪರೀಕ್ಷೆ ಮಾಡಿ. ಒಂದು, ತುದಿಯಿಂದ ಕಣ್ಣು ಹಾಯಿಸಿ ನೋಡಿದರೆ ನೆಕ್ ತಿರುಚಿರಬಾರದು. ಎರಡು, 12ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎರಡು, ಎರಡೂವರೆ ಮಿಲಿಮೀಟರ್ ಅಂತರ ಇದ್ದರೆ ಒತ್ತೋದು ಸುಲಭ. ಮೂರು, ಪ್ರತಿ ಫ್ರೆಟ್ ಒತ್ತಿ ನುಡಿಸಿ, ಎಲ್ಲೂ ಜೋರಾಗಿ ಝರ್ ಅನ್ನಬಾರದು. ನಾಲ್ಕು, ಬರೀ ತಂತಿಯನ್ನು ಶ್ರುತಿ ಮಾಡಿ ಅದನ್ನೇ 12ನೇ ಫ್ರೆಟ್‌ನಲ್ಲಿ ಒತ್ತಿದರೆ ಟ್ಯೂನರ್‌ನಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಐದು, ಕೇಬಲ್ ಸಿಗಿಸಿ ಅಲ್ಲಾಡಿಸಿದರೆ, ಗುಬುಟು ತಿರುಗಿಸಿದರೆ ಕರಕರ ಸದ್ದು ಬರಬಾರದು.

ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ, ವಾಪಸ್ ಕೊಡುವ ಗಡುವಿನೊಳಗೆ ಈ ಐದೂ ಪರೀಕ್ಷೆ ಮುಗಿಸಿ. ಸೆಕೆಂಡ್ ಹ್ಯಾಂಡ್ ಆದರೆ ಬೆಂಗಳೂರಿನಲ್ಲಿ ಆಯ್ಕೆ ಜಾಸ್ತಿ. ದುಡ್ಡು ಕೊಡುವ ಮೊದಲು ಕೈಯಲ್ಲಿ ಹಿಡಿದು ನೋಡಲೇಬೇಕು.

ಆಂಪ್: ಜಾಸ್ತಿ ದುಡ್ಡು ಹೋಗುವ ಜಾಗ

ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ‘ಎಲ್ಲಾ ಒಂದೇ ಸರ್’ ಅಂದರು ಅಂತ ಮಾಮೂಲಿ ಗಿಟಾರ್‌ನ ಚಿಕ್ಕ ಆಂಪ್ ತಂದೆ. ಸದ್ದು ಕಮ್ಮಿ ಇದ್ದಷ್ಟು ಹೊತ್ತು ಸರಿ ಇತ್ತು. ಗೆಳೆಯನ ತಮಟೆಗೆ ಸರಿಸಾಟಿ ಆಗಲಿ ಅಂತ ಏರಿಸಿದೆ ನೋಡಿ, ಸ್ಪೀಕರ್ ಬರ್ರ್ ಅನ್ನೋಕೆ ಶುರುವಾಯ್ತು, ಮತ್ತೆ ಸರಿಹೋಗಲೇ ಇಲ್ಲ. ತಗ್ಗಿನ ಸ್ವರ ಹೊರಡಿಸೋಕೆ ಸ್ಪೀಕರಿನ ಕಾಗದ ತುಂಬಾ ಹಿಂದೆ ಮುಂದೆ ಓಡಬೇಕು. ಗಿಟಾರ್ ಸ್ಪೀಕರ್ ಅದಕ್ಕೆ ಮಾಡಿದ್ದಲ್ಲ.

ಮನೆ ಅಭ್ಯಾಸಕ್ಕೆ ಹೆಡ್‌ಫೋನ್ ಆಂಪ್ ಸಾಕು. ಹಾಸ್ಟೆಲ್ ರೂಮ್‌ನಲ್ಲಿ ಯಾರಿಗೂ ತೊಂದರೆ ಇಲ್ಲ, ಚಾರ್ಜ್ ಮಾಡಿಟ್ಟರೆ ಕರೆಂಟ್ ಹೋದರೂ ನಡೆಯುತ್ತೆ. ಕಾರ್ಯಕ್ರಮದ ದಿನ ಸೌಂಡ್ ಸಿಸ್ಟಮ್‌ನವರ ಹತ್ರ ‘ಡಿಐ ಬಾಕ್ಸ್ ಇದೆಯಾ’ ಅಂತ ಕೇಳಿ. ಬೇಸ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ಸರಿಯಾಗಿ ತಲುಪಿಸುವ ಪುಟ್ಟ ಡಬ್ಬಿ ಅದು. ಅದಾದ ಮೇಲೆ ಮೆರವಣಿಗೆಯಲ್ಲಿ ಎದೆ ನಡುಗಿಸಿದ ಅದೇ ಬಾಕ್ಸ್‌ಗಳು ನಿಮ್ಮ ಬೆರಳ ಮಾತು ಕೇಳ್ತವೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಶಾಮಿಯಾನದ ವೇದಿಕೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ. ಒಂದು ಕೈ ತಂತಿಯ ಮೇಲಿದ್ದು ಬಾಯಿ ಅಥವಾ ಇನ್ನೊಂದು ಕೈ ಮೈಕ್‌ಗೆ ತಾಗಿದರೆ ಶಾಕ್ ಹೊಡೆಯಬಹುದು. 1972ರಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆ ಮೈಕ್ ಮುಟ್ಟಿ ಸತ್ತದ್ದು ಹೀಗೆಯೇ. ಮೂರು ಪಿನ್ನಿನ ಪ್ಲಗ್ಗೇ ಬೇಕು ಅಂತ ಹಟ ಹಿಡಿಯಿರಿ, ಚಪ್ಪಲಿ ಬಿಚ್ಚಬೇಡಿ, ಹಾಡುವ ಮೊದಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಟೆಸ್ಟರ್ ಇಟ್ಟು ಮೈಕ್ ನೋಡಿಸಿ.

ಮೊದಲ ತಿಂಗಳು

ದಿನಕ್ಕೆ 20 ನಿಮಿಷ ಸಾಕು, ಆದರೆ ದಿನಾ. ಶ್ರುತಿಗೆ ಮೊಬೈಲ್‌ನ ಉಚಿತ ಟ್ಯೂನರ್ ಆಪ್, ತಾಳಕ್ಕೆ ಮೆಟ್ರೊನೋಮ್ ಆಪ್.

ಮೊದಲ ವಾರ ಬರೀ ಬಲಗೈ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ತಂತಿ ಮೀಟಲಿ. ನಡುಬೆರಳು ಹಟ ಮಾಡಿದರೆ ತೋರುಬೆರಳೊಂದೇ ಸಾಕು. ಮೋಟೌನ್ ಕಂಪನಿಯ ಅದೆಷ್ಟೋ ಹಿಟ್ ಹಾಡುಗಳ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಮೀಟುತ್ತಿದ್ದದ್ದು ಒಂದೇ ಬೆರಳಿನಲ್ಲಿ.

ಎರಡನೇ ವಾರ ಎಡಗೈ. ಅತಿ ದಪ್ಪ ತಂತಿಯ 3ನೇ ಫ್ರೆಟ್ ಒತ್ತಿ, ಅದು ನಿಮ್ಮ ‘ಸ’. ಅದರ ಪಕ್ಕದ ತಂತಿಯ 5ನೇ ಫ್ರೆಟ್ ‘ಪ’. ಅದರಾಚೆ ತಂತಿಯ 5ನೇ ಫ್ರೆಟ್ ಮೇಲಿನ ‘ಸ’. ಕೈಯ ಆಕಾರ ಬದಲಿಸದೆ ಪಕ್ಕಕ್ಕೆ ಜರುಗಿಸಿದರೆ ಯಾವ ಶ್ರುತಿಗೆ ಬೇಕಾದರೂ ಇದೇ ಸ, ಪ, ಸ ಸಿಗುತ್ತೆ. ಎಷ್ಟೋ ಹೋರಾಟದ ಹಾಡುಗಳಿಗೆ ಇಷ್ಟೇ ಸಾಕು. ಬೆರಳ ತುದಿ ಉರಿಯುತ್ತೆ, ಕೆಲವೇ ವಾರದಲ್ಲಿ ಚರ್ಮ ಗಟ್ಟಿಯಾಗುತ್ತೆ. ಮಣಿಕಟ್ಟು ನೋವಾದರೆ ಮಾತ್ರ ನಿಲ್ಲಿಸಿ, ಹಿಡಿತ ತಪ್ಪಿದೆ ಅಂತರ್ಥ.

ಮೂರನೇ ವಾರದಿಂದ ತಮಟೆಯವರ ಪಕ್ಕ ಕೂತುಕೊಳ್ಳಿ. ಆವರ್ತದ ಮೊದಲ ಪೆಟ್ಟಿಗೆ ಒಂದೇ ‘ಸ’, ಉಳಿದದ್ದು ಮೌನ. ಅದು ಸರಿಯಾಗಿ ಕೂತ ಮೇಲೆ ಎರಡನೇ ಸ್ವರ ಸೇರಿಸಿ. ತಂತಿಯ ಸದ್ದನ್ನು ಸರಿಯಾದ ಹೊತ್ತಿಗೆ ನಿಲ್ಲಿಸೋದು ಕೂಡ ನುಡಿಸೋದರಷ್ಟೇ ಕಷ್ಟದ ಪಾಠ.

ಹುಡುಗಿಯರಿಗೊಂದು ಮಾತು. ತಂಡದಲ್ಲಿ ‘ನೀನು ಹಾಡು, ವಾದ್ಯ ಹುಡುಗರು ನೋಡ್ಕೋತಾರೆ’ ಅನ್ನೋದು ನಮ್ಮ ಪ್ರಗತಿಪರ ಸಂಘಟನೆಗಳಲ್ಲೂ ಕೇಳಿಬರೋ ಮಾತು. 1960ರ ದಶಕದ ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದ ಬೇಸ್ ವಾದಕರಲ್ಲಿ ಕ್ಯಾರೊಲ್ ಕೇ ಒಬ್ಬರು. ಇವತ್ತು ಮುಂಬೈನ ಮೋಹಿನಿ ಡೇ ಜಗತ್ತಿನ ವೇದಿಕೆಗಳಲ್ಲಿ ನುಡಿಸ್ತಿದ್ದಾರೆ. ತಂಡದ ನೋಟ್‌ಬುಕ್‌ನಲ್ಲಿ ವಾರದ ಪಾಳಿ ಬರೆಯುವಾಗ ನಿಮ್ಮ ಹೆಸರನ್ನು ಮೊದಲೇ ಬರೆಸಿ.

ಚೆನ್ನಾಗಿ ನುಡಿಸಿದ ಬೇಸನ್ನು ಜನ ಗುರುತಿಸಿ ಹೊಗಳೋದು ಅಪರೂಪ. ಹಾಡು ಮುಗಿದ ಮೇಲೆ ಹಾಡಿದವರ ಕೈ ಕುಲುಕ್ತಾರೆ. ಆದರೆ ಒಂದು ದಿನ ನೀವು ಬರದಿದ್ದರೆ ‘ಇವತ್ತು ಏನೋ ಸಪ್ಪೆ ಇತ್ತಲ್ಲ’ ಅಂತಾರೆ. ಸಂಘಟನೆಯಲ್ಲಿ ಕುರ್ಚಿ ಹಾಕಿದವರಿಗೆ, ಕರಪತ್ರ ಹಂಚಿದವರಿಗೆ ಈ ಮಾತು ಹೊಸದೇನಲ್ಲ.