ಕಣಜದ ಬೆಡಗು, ಇರುವೆಯ ಬೆಡಗು

ಹಾವೇರಿ ಕಡೆ ಹುಳ ಅಂದರೆ ಮೆಣಸಿನ ಗಿಡದ ಥ್ರಿಪ್ಸು ನೆನಪಾಗುತ್ತದೆ. ಅದು ರಸ ಹೀರಿ ಎಲೆ ಮುಟುರಿಸಿತೆಂದರೆ ಬ್ಯಾಡಗಿ ಮಾರುಕಟ್ಟೆಗೆ ಒಯ್ಯಲು ಚೀಲ ತುಂಬುವುದಿಲ್ಲ. ಇಂಥ ಸೀಮೆಯಲ್ಲಿ ಕೂತು, ಹುಳವನ್ನೇ ಕುಲದೈವ ಮಾಡಿಕೊಂಡವರ ಕಥೆ ಓದುತ್ತೇನೆಂದರೆ ಮನೆಯಲ್ಲಿ ನಗುತ್ತಾರೆ.

ಆ ಕಥೆ ಬರೆದ ಇಂಗ್ಲೆಂಡಿನ ಏಡ್ರಿಯನ್ ಚೈಕೋವ್‌ಸ್ಕಿ ಓದಿದ್ದು ಪ್ರಾಣಿಶಾಸ್ತ್ರ ಮತ್ತು ಮನಃಶಾಸ್ತ್ರ. ಅವರ ‘ಶ್ಯಾಡೋಸ್ ಆಫ್ ದಿ ಆಪ್ಟ್’ 2008ರಲ್ಲಿ ಶುರುವಾಗಿ 2014ಕ್ಕೆ ಮುಗಿದ ಹತ್ತು ಸಂಪುಟಗಳ ಸರಣಿ. ಅಲ್ಲಿರುವವರು ಮನುಷ್ಯರೇ, ಆದರೆ ಇರುವೆ, ಕಣಜ, ಜೀರುಂಡೆ, ಪತಂಗ, ಜೇಡ ಹೀಗೆ ಒಂದೊಂದು ‘ಕಿಂಡನ್’. (ಜೇಡ ಕೀಟವಲ್ಲ ಎನ್ನುತ್ತದೆ ಶಾಸ್ತ್ರ, ಇರಲಿ.) ‘ಕಿಂಡನ್’ ಪದಕ್ಕೆ ನಿಘಂಟು ಬೇಡ, ನಮ್ಮಲ್ಲಿ ಅದು ಕುಲದ ಬೆಡಗು. ಆನೆ, ಜೀರಿಗೆ, ಅರಿಸಿನ ಎಂದು ಬೆಡಗು ಹೇಳಿಕೊಳ್ಳುವ ನಾಡಿಗೆ ಇದೇನು ಹೊಸದಲ್ಲ. ಅಲ್ಲಿ ಮಾತ್ರ ಬೆಡಗು ಮೈಯೊಳಗೇ ಇಳಿದಿದೆ. ಒಂದೇ ನಗರದ ಇರುವೆಯವರು ಬಾಯಿ ಬಿಡದೆ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾರೆ. ಕಣಜದವರ ಅಂಗೈಯಿಂದ ಉರಿ ಚಿಮ್ಮುತ್ತದೆ. ಬೆಡಗು ಬೆರೆತು ಹುಟ್ಟಿದ ತೋಥೋ ಎಂಬ ಹುಡುಗನಿಗೆ ಕೈಕಸುಬು ಎಷ್ಟಿದ್ದರೂ ಮರ್ಯಾದೆ ಇಲ್ಲ. ಆ ಪುಟಗಳಲ್ಲಿ ನಾನು ನಮ್ಮೂರನ್ನೇ ಕಂಡೆ.

ಕಿಂಡನ್‌ಗಳನ್ನು ಬೇರ್ಪಡಿಸುವ ಇನ್ನೊಂದು ಗೆರೆ ಇದಕ್ಕಿಂತ ಆಳದ್ದು. ಜೀರುಂಡೆ, ಇರುವೆ, ಕಣಜದವರಿಗೆ ಯಂತ್ರ ಒಲಿಯುತ್ತದೆ. ಪತಂಗದವರಿಗೆ ಮಾಟಮಂತ್ರ ಗೊತ್ತು, ಬಾಗಿಲ ಚಿಲಕ ತೆಗೆಯುವುದು ಗೊತ್ತಿಲ್ಲ. ತೋರಿಸಿಕೊಟ್ಟರೂ ತಲೆಗೆ ಹತ್ತುವುದಿಲ್ಲ. ಒಂದು ಕಾಲಕ್ಕೆ ಆಳುತ್ತಿದ್ದವರು ಅವರೇ. ಆಳುಗಳ ಕೈಗೆ ಅಡ್ಡಬಿಲ್ಲು ಬಂದ ಮೇಲೆ ಗದ್ದುಗೆ ಹೋಯಿತು. ಮೊಬೈಲಿನಲ್ಲಿ ಹಣ ಕಳಿಸಲು ಮೊಮ್ಮಗನನ್ನು ಕರೆಯುವ ಅಜ್ಜನನ್ನು ಕಂಡಾಗೆಲ್ಲ ನನಗೆ ಪತಂಗದವರ ನೆನಪು.

ಇಷ್ಟುದ್ದದ ಕಥೆ ಯಾರು ಓದುತ್ತಾರೆ ಎನ್ನಬೇಡಿ. ವರದೆ ತುಂಗಭದ್ರೆಯನ್ನು ಸೇರುವ ಗಳಗನಾಥದ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇರುವೆಯ ಬೆಡಗಿನವರೇ ಇರಬೇಕು! ರಾಜ್ಯ ಕಟ್ಟುವ, ಕೆಡವುವ ಕಥೆಯ ರುಚಿ ಈ ಸೀಮೆಗೆ ಹತ್ತಿಸಿದವರು ಅವರು.

ಚೈಕೋವ್‌ಸ್ಕಿಯ ಸರಣಿಯ ಮೊದಲ ಸಂಪುಟ ಕೊಂಚ ನಿಧಾನ. ಹತ್ತೂ ಭಾರವೆನಿಸಿದರೆ ನಾಲ್ಕು ಓದಿ ನಿಲ್ಲಿಸಿ; ಒಂದು ಯುದ್ಧ ಅಲ್ಲಿಗೆ ಮುಗಿಯುತ್ತದೆ.