ಬಂದೂಕು ಸಿಕ್ಕಿತು, ಬೆರಳಚ್ಚೂ ಸಿಕ್ಕಿತು. ಶಿಕ್ಷೆಗೆ 31 ವರ್ಷ!

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಪಟ್ಟಣ. 1963ರ ಜೂನ್ 12, ನಡುರಾತ್ರಿ ದಾಟಿತ್ತು. ಕಪ್ಪು ಜನರ ಓಟಿನ ಹಕ್ಕಿಗಾಗಿ ಊರೂರು ಸುತ್ತುತ್ತಿದ್ದ ಮೆಡ್ಗರ್ ಎವರ್ಸ್ ಮನೆ ಮುಂದೆ ಕಾರಿನಿಂದಿಳಿದರು. ಬೆನ್ನಿಗೆ ಗುಂಡು ಬಿತ್ತು. ವಯಸ್ಸು ಬರೀ 37. ಸದ್ದು ಕೇಳಿದರೆ ನೆಲಕ್ಕೆ ಮಲಗಿಬಿಡಿ ಅಂತ ಮಕ್ಕಳಿಗೆ ಮೊದಲೇ ಕಲಿಸಿದ್ದರು. ಮಕ್ಕಳು ಹಾಗೇ ಮಾಡಿದವು.

ಹತ್ತಿರದ ಪೊದೆಯಲ್ಲಿ ಬಂದೂಕು ಸಿಕ್ಕಿತು. ಅದರ ದುರ್ಬೀನಿನ ಮೇಲೆ ಗೊಬ್ಬರ ಮಾರುವ ಬೈರನ್ ಡೆ ಲಾ ಬೆಕ್‌ವಿತ್ ಎಂಬ ಬಿಳಿಯನ ಬೆರಳಚ್ಚು. ಇನ್ನೇನು ಬೇಕು ಹೇಳಿ? ಆದರೆ 1964ರಲ್ಲಿ ಎರಡು ಸಲ ವಿಚಾರಣೆ ನಡೆದರೂ, ಬರೀ ಬಿಳಿ ಗಂಡಸರೇ ಕೂತಿದ್ದ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಮಾಜಿ ಗವರ್ನರ್ ರಾಸ್ ಬಾರ್ನೆಟ್ ಅಂತೂ ಕೋರ್ಟಿಗೇ ಬಂದು ಆರೋಪಿಯ ಕೈ ಕುಲುಕಿ ಹೋದರು! ಬೆಕ್‌ವಿತ್ ಆರಾಮಾಗಿ ಮನೆಗೆ ಹೋದ.

ಹೆಂಡತಿ ಮರ್ಲಿ ಬಿಡಲಿಲ್ಲ. ಮೂರು ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ಸೇರಿದರೂ ಕೇಸಿನ ಕಾಗದ ಜೋಪಾನವಾಗಿಟ್ಟಿದ್ದರು. ಎರಡನೇ ವಿಚಾರಣೆ ವೇಳೆ ಸರಕಾರದ್ದೇ ಒಂದು ಆಯೋಗ ಜ್ಯೂರಿಯವರ ಪೂರ್ವಾಪರ ತನಿಖೆ ಮಾಡಿ ಆರೋಪಿಯ ವಕೀಲರಿಗೆ ನೆರವಾಗಿತ್ತು ಅಂತ 1989ರಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ಕೇಸು ಮತ್ತೆ ತೆರೆಯಿತು. ಹಳೇ ಕಡತ ನಾಪತ್ತೆ. ಮರ್ಲಿ ಇಟ್ಟಿದ್ದ ಪ್ರತಿಯೇ ಕೆಲಸಕ್ಕೆ ಬಂತು. ಬಂದೂಕು ಎಲ್ಲಿತ್ತು ಅಂತೀರಿ? ತೀರಿಹೋಗಿದ್ದ ಜಡ್ಜೊಬ್ಬರ ಮನೆಯಲ್ಲಿ! ಆ ಜಡ್ಜು ಬೇರೆ ಯಾರೂ ಅಲ್ಲ, ಹೊಸ ಸರಕಾರಿ ವಕೀಲರ ಮಾವ.

1994ರ ಫೆಬ್ರುವರಿ 5ರಂದು ತೀರ್ಪು ಬಂತು, ಜೀವಾವಧಿ. ಬೆಕ್‌ವಿತ್‌ಗೆ ಆಗ 73. ಸಜೆಯಲ್ಲಿದ್ದಾಗಲೇ 2001ರಲ್ಲಿ ಸತ್ತ. 2004ರಲ್ಲಿ ಜಾಕ್ಸನ್ ವಿಮಾನ ನಿಲ್ದಾಣಕ್ಕೆ ಎವರ್ಸ್ ಹೆಸರಿಟ್ಟರು. ಅವರು ಬಿದ್ದ ಆ ಮನೆ ಈಗ ರಾಷ್ಟ್ರೀಯ ಸ್ಮಾರಕ.