ತುಡುವೆಗೆ ಹೊಸ ರಾಣಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಿತ್ತಿಲುಗಳಿಗೆ ಜೇನುಪೆಟ್ಟಿಗೆ ಹೊಸತಲ್ಲ. ಈ ವರ್ಷ ತುಪ್ಪ ಎಷ್ಟು ಬಂತು ಎಂದು ಎಲ್ಲರೂ ಕೇಳುತ್ತಾರೆ. ಒಳಗಿರುವ ರಾಣಿಗೆ ವಯಸ್ಸೆಷ್ಟು, ಅವಳು ಯಾವ ಕುಟುಂಬದಲ್ಲಿ ಹುಟ್ಟಿದವಳು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಇದನ್ನೇ.

1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ, ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಬಹುಪಾಲನ್ನು ಅಳಿಸಿಹಾಕಿತು. ಮರಿಗಳು ಕೋಶದಲ್ಲೇ ತಲೆ ಮೇಲೆತ್ತಿ ಸತ್ತು, ನೀರು ತುಂಬಿದ ಚೀಲದಂತಾಗುತ್ತಿದ್ದವು. ಆದರೂ ಕೆಲವು ಕುಟುಂಬಗಳು ತಡೆದುಕೊಂಡವು. ಇಂದಿಗೂ ಆ ರೋಗ ಪೂರ್ತಿ ಹೋಗಿಲ್ಲ. ಹೀಗಿರುವಾಗ ರೋಗ ಬಂದರೂ ಚೇತರಿಸಿಕೊಂಡ, ಮಳೆಗಾಲ ದಾಟಿಯೂ ನೊಣದ ಬಲ ಉಳಿಸಿಕೊಂಡ ಕುಟುಂಬದಿಂದಲೇ ಮುಂದಿನ ರಾಣಿಯನ್ನು ಪಡೆಯಬೇಕು. ತುಪ್ಪ ಜಾಸ್ತಿ ಕೊಟ್ಟಿತು ಎಂಬುದೊಂದನ್ನೇ ನೋಡಿ ಆರಿಸುವುದು ಸಾಲದು.

ರಾಣಿ ಸೋತಿರುವುದನ್ನು ಎರಿಯೇ ಹೇಳುತ್ತದೆ. ಒಳ್ಳೆಯ ರಾಣಿಯಿದ್ದರೆ ಮುಚ್ಚಿದ ಮರಿಕೋಶಗಳು ಒತ್ತಾಗಿ ಹರಡಿರುತ್ತವೆ. ಮುದಿ ರಾಣಿಯ ಎರಿಯಲ್ಲಿ ನಡುನಡುವೆ ಖಾಲಿ ಕೋಶಗಳು. ವೀರ್ಯ ಮುಗಿದವಳು ಗಂಡುತತ್ತಿಯನ್ನಷ್ಟೇ ಇಡಬಲ್ಲಳು. ಎರಡು ವರ್ಷ ಕಳೆದ ರಾಣಿಯನ್ನು ಬದಲಿಸುವುದೇ ಒಳ್ಳೆಯದು.

ಆದರೆ ಯಾವಾಗ? ಜೂನ್-ಜುಲೈನಲ್ಲಂತೂ ಬೇಡ. ಘಟ್ಟದ ಮಳೆಯಲ್ಲಿ ಗಂಡುನೊಣಗಳೂ ಇರುವುದಿಲ್ಲ, ಎಳೆಯ ರಾಣಿ ಆಕಾಶದಲ್ಲಿ ಕೂಡಲು ಹಾರುವ ಬಿಸಿಲೂ ಇರುವುದಿಲ್ಲ. ಮಳೆ ಮುಗಿದು ಪರಾಗ ಬರತೊಡಗಿ, ಕುಟುಂಬ ಬೆಳೆದು ಪಾಲಾಗಲು ಹೊರಡುವ ಚಳಿಗಾಲವೇ ಸರಿಯಾದ ಹೊತ್ತು. ಆಗ ಗಂಡುನೊಣದ ಕೋಶಗಳು ಕಾಣಿಸುತ್ತವೆ. ತುಡುವೆಯಲ್ಲಿ ಅವುಗಳ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದರ ಹಿಂದೆಯೇ ಎರಿಯ ಕೆಳ ಅಂಚಿನಲ್ಲಿ ರಾಣಿಕೋಶಗಳು ಜೋತು ನಿಲ್ಲುತ್ತವೆ.

ತತ್ತಿಯಿಂದ ರಾಣಿ ಹೊರಬರಲು ಸುಮಾರು 16 ದಿನ ಬೇಕು. ಕೊನೆಗೆ ಕೆಲಸಗಾರ ನೊಣಗಳು ಕೋಶದ ತುದಿಯ ಮೇಣವನ್ನು ಕೆರೆದು ತೆಗೆಯುತ್ತವೆ, ತುದಿ ಕಂದಾಗುತ್ತದೆ. ಆ ಹದದ ಕೋಶವನ್ನು ಮೇಲಿನ ಒಂದಿಷ್ಟು ಎರಿಯ ಸಮೇತ ಕತ್ತರಿಸಿ, ಅದುಮದೆ, ತಲೆಕೆಳಗು ಮಾಡದೆ ಒಯ್ಯಬೇಕು. ಹಿಂದಿನ ದಿನವೇ ಹಳೆಯ ರಾಣಿಯನ್ನು ತೆಗೆದಿಟ್ಟ ಪೆಟ್ಟಿಗೆಯಲ್ಲಿ, ಮರಿ ಇರುವ ನಡು ಎರಿಗೆ ಬಿದಿರುಕಡ್ಡಿಯಿಂದ ಅದನ್ನು ಸಿಕ್ಕಿಸಿದರಾಯಿತು. ಪೆಟ್ಟಿಗೆಯ ಬಾಗಿಲಿಗೆ ರಾಣಿ ಗೇಟು ಹಾಕಿದ್ದರೆ ಮರೆಯದೆ ತೆಗೆಯಿರಿ. ಇಲ್ಲದಿದ್ದರೆ ಅವಳು ಕೂಡಲು ಹೊರಗೆ ಹೋಗಲಾರಳು. ಹೊಸ ರಾಣಿ ತತ್ತಿಯಿಡುವವರೆಗೆ ಮರಿ ಇಲ್ಲದ ಬಿಡುವು ಸಿಗುವುದರಿಂದ ಸ್ಯಾಕ್‌ಬ್ರೂಡ್‌ನ ಹಾವಳಿಯೂ ತಗ್ಗುತ್ತದೆ.

ಅವಸರ ಮಾಡಬೇಕಾದದ್ದು ಒಂದೇ ಕಡೆ. ರಾಣಿಯಿಲ್ಲದ ತುಡುವೆಯಲ್ಲಿ ಕೆಲಸಗಾರ ನೊಣಗಳೇ ತತ್ತಿಯಿಡಲು ಇಟಾಲಿಯನ್ ಜೇನಿಗಿಂತ ಬೇಗ ಶುರುಮಾಡುತ್ತವೆ. ಒಂದೇ ಕೋಶದಲ್ಲಿ ಎರಡು-ಮೂರು ತತ್ತಿ ಕಂಡರೆ ಆ ಕುಟುಂಬ ಹೊಸ ರಾಣಿಯನ್ನು ಒಪ್ಪುವುದು ಕಷ್ಟ. ಆಗ ಬಲವಾದ ಇನ್ನೊಂದು ಕುಟುಂಬದೊಂದಿಗೆ ಸೇರಿಸುವುದೇ ದಾರಿ: ನಡುವೆ ಸಣ್ಣ ತೂತು ಮಾಡಿದ ಪತ್ರಿಕೆಯ ಹಾಳೆಯಿಟ್ಟರೆ, ಅದನ್ನು ಕಚ್ಚಿ ಹರಿಯುವಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುತ್ತದೆ.

2022ರ ಜುಲೈನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಉತ್ತರ ಕನ್ನಡದ ಜೇನುಕೃಷಿಕ ಮಧುಕೇಶ್ವರ ಹೆಗಡೆಯವರ ಹೆಸರು ಹೇಳಿದ್ದರು. 50 ಜೇನುಕುಟುಂಬಗಳಿಗೆ ಸಬ್ಸಿಡಿ ಪಡೆದವರು 800 ದಾಟಿದ್ದಾರೆಂದು. ಕುಟುಂಬ ಹೆಚ್ಚುವುದೆಂದರೆ ರಾಣಿ ಹೆಚ್ಚುವುದೇ. ಎರಡೇ ಪೆಟ್ಟಿಗೆಯ ಮನೆಗೂ ಲೆಕ್ಕ ಇದೇ.

ಇನ್ನೊಂದು ಮಾತನ್ನು ಹೇಳಲೇಬೇಕು. ರಾಣಿ ಹತ್ತಕ್ಕೂ ಹೆಚ್ಚು ಗಂಡುನೊಣಗಳೊಂದಿಗೆ ಕೂಡುತ್ತಾಳೆ, ಅವುಗಳಲ್ಲಿ ಹಲವು ಪಕ್ಕದ ಮನೆಯವು, ಕಾಡಿನ ಪೊಟರೆಯವು. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಪಡೆದ ಸೀಮೆ ನಮ್ಮದು. ಬೆಟ್ಟದಲ್ಲಿ ಮತ್ತಿ, ನೇರಳೆ, ಪೊಟರೆಯ ಹಳೆಮರ ಉಳಿದರೆ ಮಾತ್ರ ಆ ಗಂಡುಗಳೂ ಉಳಿಯುತ್ತವೆ. ಹಾಗಾಗಿ ಒಳ್ಳೆಯ ಕುಟುಂಬದ ರಾಣಿಕೋಶ ಹೆಚ್ಚಾಗಿದ್ದರೆ ನೆರೆಮನೆಗೂ ಒಂದನ್ನು ಕೊಡಿ. ಮುಂದಿನ ವರ್ಷ ನಿಮ್ಮ ರಾಣಿ ಹಾರುವಾಗ ಎದುರಾಗುವ ಗಂಡುಗಳಲ್ಲಿ ಆ ಕೋಶದ ರಾಣಿಯ ಮಕ್ಕಳೂ ಇರುತ್ತವೆ.